ಸಿಂಕಿನಲ್ಲಿ ಕೆಂಪು ಕಂಡರೆ: ವಸಡಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಅಂಚೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪತ್ರಗಳು ವಸಡಿನವೇ. ಒಂದೇ ಪ್ರಶ್ನೆ ಮೂರ್ನಾಲ್ಕು ಬಡಾವಣೆಗಳಿಂದ ಬಂದಿದ್ದರೆ ಒಂದನ್ನು ಆರಿಸಿಕೊಂಡು, ಉತ್ತರ ಎಲ್ಲರಿಗೂ ಒದಗುವ ಹಾಗೆ ಬರೆದಿದ್ದೇವೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿರುವುದರಿಂದ ಬಡಾವಣೆಯ ಹೆಸರಷ್ಟೇ ಇದೆ.

ಪ್ರಶ್ನೆ: ಮೂರು ವಾರದಿಂದ ಬೆಳಿಗ್ಗೆ ಹಲ್ಲುಜ್ಜಿ ಉಗಿದರೆ ನೊರೆಯೆಲ್ಲ ಗುಲಾಬಿ ಬಣ್ಣ. ಬಲಗಡೆ ಕೆಳದವಡೆಯಲ್ಲಿ ಜಾಸ್ತಿ. ಗಾಯ ಮಾಯಲಿ ಎಂದು ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟು ಬೆರಳಲ್ಲಿ ಪೇಸ್ಟ್ ಸವರುತ್ತಿದ್ದೇನೆ. ಆದರೂ ನಿಂತಿಲ್ಲ. ನೋವಂತೂ ಇಲ್ಲ. ಮನೆಯಲ್ಲೇ ಸರಿಮಾಡಿಕೊಳ್ಳಬಹುದೇ? — ಬಸವನಗುಡಿ

ಉತ್ತರ: ಬ್ರಷ್ ತಾಗಿಸದೆ ಇರುವುದರಿಂದಲೇ ನಿಂತಿಲ್ಲ. ಕೈಗೆ ಕುಯ್ದುಕೊಂಡರೆ ಆ ಜಾಗ ಮುಟ್ಟದೆ ಬಿಡುತ್ತೇವಲ್ಲ, ವಸಡಿಗೂ ಅದೇ ಲೆಕ್ಕ ಹಾಕಿದ್ದೀರಿ. ಆದರೆ ಇದು ಬ್ರಷ್ ಮಾಡಿದ ಗಾಯವಲ್ಲ. ಹಲ್ಲು ಮತ್ತು ವಸಡು ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾಗಳ ಒಂದು ಲೋಳೆ ಪದರ ಕಟ್ಟುತ್ತದೆ. ದಂತವೈದ್ಯರು ಅದನ್ನು ಪ್ಲಾಕ್ ಎನ್ನುತ್ತಾರೆ, ಮನೆಯಲ್ಲಿ ಪಾಚಿ ಎನ್ನುತ್ತೇವೆ. ಅದು ಅಲ್ಲೇ ಕೂತರೆ ವಸಡು ಊದಿಕೊಳ್ಳುತ್ತದೆ, ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ, ಒಳಪದರ ತೆಳುವಾಗುತ್ತದೆ. ಆಮೇಲೆ ಬ್ರಷ್ ಸೋಕಿದರೂ ರಕ್ತ, ಸೇಬು ಕಚ್ಚಿದರೂ ರಕ್ತ.

ಡೆನ್ಮಾರ್ಕಿನ ಆರ್ಹಸ್‌ನಲ್ಲಿ 12 ಮಂದಿ ಬೇಕೆಂದೇ ಹಲ್ಲುಜ್ಜುವುದನ್ನು ನಿಲ್ಲಿಸಿದ ಒಂದು ಪ್ರಯೋಗದ ಫಲಿತಾಂಶ 1965ರಲ್ಲಿ ಪ್ರಕಟವಾಯಿತು. ಆರೋಗ್ಯವಾಗಿದ್ದ ವಸಡುಗಳು 10ರಿಂದ 21 ದಿನದೊಳಗೆ ಎಲ್ಲರಲ್ಲೂ ಉರಿಯೂತಕ್ಕೆ ತಿರುಗಿದವು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಒಂದು ವಾರದ ಆಸುಪಾಸಿನಲ್ಲಿ ವಸಡು ಮೊದಲಿನಂತಾಯಿತು. ನಿಮ್ಮ ಮೂರು ವಾರದ ಲೆಕ್ಕಕ್ಕೆ ಇದನ್ನು ಹೊಂದಿಸಿ ನೋಡಿ.

ಆದ್ದರಿಂದ ಇವತ್ತು ರಾತ್ರಿಯಿಂದಲೇ ಆ ಜಾಗಕ್ಕೆ ಬ್ರಷ್ ಹಾಕಿ. ಮೊದಲ ಮೂರ್ನಾಲ್ಕು ದಿನ ರಕ್ತ ಜಾಸ್ತಿಯೇ ಬಂದ ಹಾಗೆ ಕಾಣುತ್ತದೆ, ಹೆದರಿ ಮತ್ತೆ ಬಿಡಬೇಡಿ. ಹೆಚ್ಚಿನವರು ಸೋಲುವುದು ಈ ಮೂರ್ನಾಲ್ಕು ದಿನದಲ್ಲಿಯೇ.

ಬ್ರಷ್ ಮೆದು ಕೂದಲಿನದು, ತಲೆ ಚಿಕ್ಕದು ಇರಲಿ. ಪೇಸ್ಟ್ ಕಡಲೆಕಾಳಿನಷ್ಟು ಸಾಕು, ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ಷಿನ ಉದ್ದಕ್ಕೂ ಬೇಡ. ನೊರೆ ಹೆಚ್ಚಾದಷ್ಟೂ ಬೇಗ ಉಗಿದು ಮುಗಿಸುತ್ತೇವೆ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನು ಹಿಡಿದಂತೆ ಬೆರಳ ತುದಿಯಲ್ಲಿ ಹಿಡಿದರೆ ಒತ್ತಡ ತಾನಾಗಿ ಕಡಿಮೆಯಾಗುತ್ತದೆ. ಕೂದಲಿನ ಅರ್ಧ ಭಾಗ ಹಲ್ಲಿನ ಮೇಲೆ, ಅರ್ಧ ಭಾಗ ವಸಡಿನ ಮೇಲೆ ಕೂರುವ ಹಾಗೆ 45 ಡಿಗ್ರಿ ಓರೆ ಮಾಡಿ. ಕೆಳದವಡೆಗಾದರೆ ಕೂದಲು ಕೆಳಮುಖ, ಮೇಲ್ದವಡೆಗಾದರೆ ಮೇಲ್ಮುಖ. ಈಗ ಉಜ್ಜಬೇಡಿ, ನಡುಗಿಸಿ. ಕೂದಲಿನ ತುದಿ ಜಾಗ ಬಿಟ್ಟು ಜಾರಬಾರದು, ಅಷ್ಟು ಚಿಕ್ಕ ಅಲುಗಾಟ. ಎರಡು ಹಲ್ಲಿಗೆ ಹತ್ತು ಸಲ ನಡುಗಿಸಿ, ಆಮೇಲೆ ವಸಡಿನ ಕಡೆಯಿಂದ ಹಲ್ಲಿನ ತುದಿಯತ್ತ ಒಮ್ಮೆ ಗುಡಿಸಿದಂತೆ ತೆಗೆಯಿರಿ. ಮುಂದಿನ ಎರಡು ಹಲ್ಲಿಗೆ ಹೋಗಿ. ಹೊರಮೈ ಮುಗಿದ ಮೇಲೆ ನಾಲಿಗೆ ಕಡೆಯ ಒಳಮೈ. ಕೆಳಗಿನ ಮುಂದಿನ ಹಲ್ಲುಗಳ ಒಳಭಾಗಕ್ಕೆ ಬ್ರಷ್ ಅಡ್ಡ ಹಿಡಿದರೆ ಆಗದು, ನೆಟ್ಟಗೆ ನಿಲ್ಲಿಸಿ ಅದರ ಮೂಗಿನ ತುದಿಯಿಂದ ಎಳೆಯಬೇಕು. ಎಲ್ಲ ಸೇರಿ ಎರಡು ನಿಮಿಷಕ್ಕೆ ಕಡಿಮೆ ಆಗುವುದೇ ಇಲ್ಲ, ಮೊದಮೊದಲು ನಾಲ್ಕೂ ಹಿಡಿಯುತ್ತದೆ.

ಇಷ್ಟು ಮಾಡಿದರೂ ಎರಡು ಹಲ್ಲು ಒತ್ತಿಕೊಂಡಿರುವ ಸಂದಿಗೆ ಬ್ರಷ್ ಹೋಗುವುದಿಲ್ಲ. ವಸಡಿನ ಕಾಯಿಲೆ ಸಾಮಾನ್ಯವಾಗಿ ಹುಟ್ಟುವುದೇ ಆ ಸಂದಿಯಲ್ಲಿ. ಅದಕ್ಕೆ ದಿನಕ್ಕೊಮ್ಮೆ, ಮಲಗುವ ಮುಂಚೆ, ಫ್ಲಾಸ್ ದಾರ. ಹೂವಿನವರು ಅಳೆದು ಕೊಡುವ ಹಾಗೆ ಒಂದು ಮೊಳ ತೆಗೆದುಕೊಂಡು ಎರಡೂ ಕೈಯ ನಡುಬೆರಳಿಗೆ ಸುತ್ತಿ, ನಡುವೆ ಮೂರ್ನಾಲ್ಕು ಸೆಂಟಿಮೀಟರ್ ಬಿಗಿಯಾಗಿ ಬಿಡಿ. ಗರಗಸ ಎಳೆದಂತೆ ಮೆಲ್ಲಗೆ ಆಡಿಸುತ್ತ ಸಂದಿಯೊಳಗೆ ಇಳಿಸಿ. ಒಮ್ಮೆಲೇ ಒತ್ತಿದರೆ ದಾರ ಟಕ್ಕೆಂದು ಇಳಿದು ವಸಡು ಕೊಯ್ಯುತ್ತದೆ. ಒಳಗೆ ಹೋದ ಮೇಲೆ ಒಂದು ಹಲ್ಲಿಗೆ ದಾರವನ್ನು ಅಪ್ಪಿಸಿ, ವಸಡಿನ ಅಂಚಿನ ಸ್ವಲ್ಪ ಕೆಳಗಿನವರೆಗೆ ಇಳಿಸಿ, ನಾಲ್ಕೈದು ಸಲ ಮೇಲೆ ಕೆಳಗೆ. ಆಮೇಲೆ ಪಕ್ಕದ ಹಲ್ಲಿಗೆ ಅಪ್ಪಿಸಿ. ಒಂದು ಸಂದಿ ಎಂದರೆ ಎರಡು ಗೋಡೆ, ಎರಡನ್ನೂ ಗುಡಿಸಬೇಕು.

ಕೆಲಸ ಸರಿಯಾಯಿತೋ ಇಲ್ಲವೋ ನೋಡಲು ಒಂದು ಉಪಾಯವಿದೆ. ಕೇಕಿಗೆ ಹಾಕುವ ಕೆಂಪು ಬಣ್ಣವನ್ನು ಒಂದೆರಡು ಹನಿ ಚಮಚ ನೀರಿಗೆ ಬೆರೆಸಿ, ಹತ್ತಿ ಸುತ್ತಿದ ಕಡ್ಡಿಯಲ್ಲಿ ಹಲ್ಲುಗಳ ಬುಡಕ್ಕೆ ಸವರಿ, ಒಮ್ಮೆ ಬಾಯಿ ಮುಕ್ಕಳಿಸಿ ಕನ್ನಡಿ ನೋಡಿ. ಉಜ್ಜಿದ ಜಾಗ ಬಿಳಿಯಾಗಿಯೇ ಇರುತ್ತದೆ, ಪದರ ಉಳಿದ ಕಡೆ ಬಣ್ಣ ಹಿಡಿಯುತ್ತದೆ. ತುಟಿಗೆ ಮೊದಲೇ ಸ್ವಲ್ಪ ವ್ಯಾಸಲೀನ್ ಹಚ್ಚಿಕೊಳ್ಳಿ, ಬಿಳಿ ಟವೆಲ್ ದೂರವಿಡಿ. ನಿಮ್ಮ ಬಲಗಡೆಯ ಕೆಳದವಡೆ ಕೆಂಪಗಿರುತ್ತದೆ ಎಂಬುದು ನಮ್ಮ ಊಹೆ. ಬಲಗೈಯಲ್ಲಿ ಉಜ್ಜುವವರಿಗೆ ಅದೇ ಬದಿಗೆ ಮಣಿಕಟ್ಟು ತಿರುಗುವುದು ಕಷ್ಟ.

ಹೀಗೆ 14 ದಿನ ಮಾಡಿ. ಏಳನೇ ದಿನಕ್ಕೆ ರಕ್ತ ಕಡಿಮೆಯಾಗಿರಬೇಕು, ಹದಿನಾಲ್ಕಕ್ಕೆ ಹೆಚ್ಚುಕಡಿಮೆ ನಿಂತಿರಬೇಕು. ನಿಲ್ಲದಿದ್ದರೆ ಒಳಗೆ ಕಿಟ್ಟ, ಅಂದರೆ ಕಲ್ಲಿನಂತೆ ಗಟ್ಟಿಯಾದ ಪಾಚಿ ಇದೆ ಎಂದು ಅರ್ಥ, ಅದಕ್ಕೆ ಮನೆಮದ್ದಿಲ್ಲ, ಕ್ಲೀನಿಂಗ್ ಮಾಡಿಸಬೇಕು.

ಇನ್ನೊಂದು ಮಾತು. ನಮ್ಮ ಕಡೆ ಅನೇಕರ ವಸಡಿನಲ್ಲಿ ಕಪ್ಪು, ಕಂದು ಮಚ್ಚೆಗಳಿರುತ್ತವೆ. ಅದು ಚರ್ಮದ ಬಣ್ಣವಿದ್ದಂತೆ, ರೋಗವಲ್ಲ, ತಿಕ್ಕಿ ತೆಗೆಯಲು ಹೋಗಬೇಡಿ. ಕಪ್ಪು ವಸಡಿನಲ್ಲಿ ಕೆಂಪು ಏರಿದ್ದು ಕಾಣುವುದಿಲ್ಲ, ಹಾಗಾಗಿ ಎರಡು ಹಲ್ಲಿನ ನಡುವೆ ಇಳಿದಿರುವ ತ್ರಿಕೋನದ ತುದಿ ನೋಡಿ. ಆರೋಗ್ಯವಿದ್ದರೆ ಚೂಪಾಗಿ, ಹಲ್ಲಿಗೆ ಅಂಟಿಕೊಂಡಿರುತ್ತದೆ. ಊದಿದ್ದರೆ ಉಬ್ಬಿ, ಮೊಂಡಾಗಿ, ನಯವಾಗಿ ಹೊಳೆಯುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿ ನೀರಿಲ್ಲ, ಬೋರ್‌ವೆಲ್ ಮತ್ತು ಟ್ಯಾಂಕರ್. ಗೀಸರ್ ಕಾಯಿಲ್ ವರ್ಷಕ್ಕೊಂದು ಹೋಗುತ್ತದೆ, ನಲ್ಲಿಗಳೆಲ್ಲ ಬಿಳಿ. ಹಲ್ಲಿನಲ್ಲಿ ಕಿಟ್ಟ ಕಟ್ಟುವುದೂ ಇದೇ ಗಡಸು ನೀರಿನಿಂದಲೇ? ಕುಡಿಯುವ ಕ್ಯಾನ್ ನೀರಲ್ಲೇ ಬಾಯಿ ತೊಳೆದರೆ ಪ್ರಯೋಜನವುಂಟೇ? — ಮಹದೇವಪುರ

ಉತ್ತರ: ಕ್ಯಾನ್ ನೀರು ಉಳಿಸಿಕೊಳ್ಳಿ. ಗೀಸರಿನ ಬಿಳಿ ಪದರ ನೀರಿನ ಸುಣ್ಣದಂಶದಿಂದ ಬಂದದ್ದು ನಿಜ, ಹಲ್ಲಿನ ಕಿಟ್ಟಕ್ಕೆ ಬೇಕಾದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಬರುವುದು ನಿಮ್ಮದೇ ಎಂಜಲಿನಿಂದ. ಬಿಟ್ಟ ಪಾಚಿಗೆ ಎಂಜಲಿನ ಖನಿಜ ಇಂಗಿ ಕೆಲವೇ ದಿನಗಳಲ್ಲಿ ಗಟ್ಟಿಯಾಗಲು ಶುರುವಾಗುತ್ತದೆ. ಕಿಟ್ಟ ಎಲ್ಲಿ ಹೆಚ್ಚು ಕಟ್ಟುತ್ತದೆ ಎಂದು ನೋಡಿದರೆ ಇದು ಸ್ಪಷ್ಟ: ಕೆಳಗಿನ ಮುಂದಿನ ಹಲ್ಲುಗಳ ಒಳಗಡೆ, ಮೇಲಿನ ದವಡೆ ಹಲ್ಲುಗಳ ಕೆನ್ನೆ ಕಡೆ. ಎಂಜಲಿನ ಗ್ರಂಥಿಗಳ ಬಾಯಿ ತೆರೆಯುವುದು ಈ ಎರಡು ಜಾಗದಲ್ಲಿಯೇ. ನೀರಿನಿಂದ ಆಗುವುದಾಗಿದ್ದರೆ ಎಲ್ಲ ಹಲ್ಲಿಗೂ ಸಮನಾಗಿ ಕಟ್ಟಬೇಕಿತ್ತು.

ಒಮ್ಮೆ ಗಟ್ಟಿಯಾದದ್ದು ಬ್ರಷ್‌ಗೆ ಬರುವುದಿಲ್ಲ. ನಿಂಬೆಹಣ್ಣು ತಿಕ್ಕಿದರೆ ಕಿಟ್ಟಕ್ಕಿಂತ ಮುಂಚೆ ಹಲ್ಲಿನ ಎನಾಮಲ್ ಕರಗುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಕೊಕ್ಕೆಯಂಥ ಕಬ್ಬಿಣದ ಕಡ್ಡಿಗಳು ಬೇಡವೇ ಬೇಡ. ಕನ್ನಡಿಯಲ್ಲಿ ಎಡಬಲ ತಿರುವುಮುರುವು, ಕೈ ಜಾರಿದರೆ ವಸಡು ಹರಿಯುತ್ತದೆ. ಜಾರದೇ ಇದ್ದರೂ ಕಾಣುವ ಕಿಟ್ಟ ಮಾತ್ರ ಹೋಗಿ, ವಸಡಿನಡಿಯ ಕಿಟ್ಟ ಹಾಗೇ ಉಳಿಯುತ್ತದೆ.

ಪ್ರಶ್ನೆ: ನನಗೆ 61. ಡಾಕ್ಟರು ಕ್ಲೀನಿಂಗ್ ಮಾಡಿಸಿ ಎನ್ನುತ್ತಾರೆ. ನಮ್ಮ ಬೀದಿಯವರೊಬ್ಬರು ಮಾಡಿಸಿದ ಮೇಲೆ ಹಲ್ಲೆಲ್ಲ ಸಡಿಲವಾಗಿ ಸಂದಿ ಬಿಟ್ಟಿತು, ತಣ್ಣೀರು ಕುಡಿಯಲಾಗದೆ ಒದ್ದಾಡಿದರು. ಮಾಡಿಸದೇ ಇರುವುದೇ ವಾಸಿಯಲ್ಲವೇ? ಖರ್ಚಿನದೂ ಯೋಚನೆ. — ವಿಜಯನಗರ

ಉತ್ತರ: ಅವರು ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ವರ್ಷಗಟ್ಟಲೆ ಕಟ್ಟಿದ ಕಿಟ್ಟ ಹಲ್ಲುಗಳ ನಡುವೆ ಗಾರೆ ಮೆತ್ತಿದಂತೆ ತುಂಬಿಕೊಂಡು ಒಂದಕ್ಕೊಂದು ಆಸರೆ ಕೊಟ್ಟಿರುತ್ತದೆ. ಅದರ ಅಡಿಯಲ್ಲಿ ಮೂಳೆ ಕರಗುತ್ತಲೇ ಇರುತ್ತದೆ. ಗಾರೆ ತೆಗೆದ ದಿನ ಗೋಡೆ ಎಷ್ಟು ಶಿಥಿಲ ಎಂದು ತಿಳಿಯಿತು, ಅಷ್ಟೆ. ಸಂದಿ ಕಾಣುವುದಕ್ಕೆ ಇನ್ನೊಂದು ಕಾರಣ, ಊದಿದ್ದ ವಸಡು ಇಳಿದು ಬಿಗಿಯಾಗುವುದು. ಅದು ವಾಸಿಯಾಗುತ್ತಿರುವ ಗುರುತು. ಬಹಳಷ್ಟು ಅಲ್ಲಾಡುವ ಹಲ್ಲುಗಳು ಉರಿಯೂತ ಇಳಿದ ಮೇಲೆ ಮೊದಲಿಗಿಂತ ಗಟ್ಟಿಯಾಗುತ್ತವೆ, ಮೂಳೆ ತೀರ ಹೋಗಿದ್ದರೆ ಆಗುವುದಿಲ್ಲ.

ಕ್ಲೀನಿಂಗ್ ಯಂತ್ರ ಹಲ್ಲನ್ನು ಉಜ್ಜಿ ತೆಳುಮಾಡುವುದಿಲ್ಲ. ಅದರ ತುದಿ ಕಣ್ಣಿಗೆ ಕಾಣದಷ್ಟು ವೇಗವಾಗಿ ಕಂಪಿಸಿ ಕಿಟ್ಟವನ್ನು ಸೀಳುತ್ತದೆ, ಜೊತೆಗೆ ಬರುವ ನೀರು ಅದನ್ನು ತೊಳೆಯುತ್ತದೆ. ಬೇರಿನ ಭಾಗ ಮುಚ್ಚಿದ್ದ ಕಿಟ್ಟ ಹೋದದ್ದರಿಂದ ಕೆಲವು ದಿನ, ಕೆಲವರಿಗೆ ಒಂದೆರಡು ವಾರ, ತಣ್ಣನೆಯದು ಜುಮ್ಮೆನ್ನುತ್ತದೆ. ಜುಮ್ಮೆನ್ನುವ ಹಲ್ಲಿನ ಪೇಸ್ಟ್ ಎಂದೇ ಮಾರುವ, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸಿ. ಉಗಿದ ಮೇಲೆ ನೀರು ಹಾಕಿ ಗಳಗಳ ಮುಕ್ಕಳಿಸದೆ ಹಾಗೇ ಬಿಟ್ಟರೆ ಕೆಲಸ ಚೆನ್ನಾಗಿ ಆಗುತ್ತದೆ. ನಾಲ್ಕು ದಿನ ಐಸ್‌ಕ್ರೀಂ ಬೇಡ.

ಖರ್ಚಿನ ಬಗ್ಗೆ: ಕೋಟೆಯಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಿಂದ ನಡೆದು ಹೋಗಬಹುದು. ಅಲ್ಲಿ ವಸಡಿಗೇ ಬೇರೆ ವಿಭಾಗವಿದೆ, ಪೆರಿಯೋಡಾಂಟಿಕ್ಸ್ ಎಂದು ಕೇಳಿ. ನಗರದ ಖಾಸಗಿ ದಂತ ಕಾಲೇಜುಗಳಲ್ಲೂ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣಳತೆಯಲ್ಲಿ ಕ್ಲಿನಿಕ್‌ಗಿಂತ ಕಡಿಮೆ ದರಕ್ಕೆ ಮಾಡುತ್ತಾರೆ. ನಿಧಾನವಾಗುತ್ತದೆ, ಒಂದು ಬೆಳಗ್ಗೆ ಪೂರ್ತಿ ಅದಕ್ಕೇ ಇಟ್ಟುಕೊಂಡು ಹೋಗಿ. ನಿಧಾನವಾಗಿ ಮಾಡಿದ ಕ್ಲೀನಿಂಗ್ ಕೆಟ್ಟದ್ದೇನಲ್ಲ.

ಪ್ರಶ್ನೆ: ಮೆಡಿಕಲ್ ಶಾಪಿನವರು ಕೊಟ್ಟ ಮೌತ್‌ವಾಶ್‌ನಿಂದ ರಕ್ತ ನಿಂತಿತು ಎಂದು ಎರಡು ತಿಂಗಳಿಂದ ಬಿಡದೆ ಬಳಸಿದೆ. ಈಗ ಹಲ್ಲು ಕಂದಾಗಿದೆ, ಕಾಫಿ ರುಚಿಯೇ ತಿಳಿಯುತ್ತಿಲ್ಲ. ಬಾಟಲಿ ಮೇಲೆ ಕ್ಲೋರ್‌ಹೆಕ್ಸಿಡಿನ್ 0.2% ಎಂದಿದೆ. — ಮಲ್ಲೇಶ್ವರಂ

ಉತ್ತರ: ಔಷಧಿ ಒಳ್ಳೆಯದೇ, ಅವಧಿ ಮೀರಿತು. ಇದು ಸಾಮಾನ್ಯವಾಗಿ ಎರಡು ವಾರದ ಔಷಧಿ: 10 ಮಿ.ಲೀ., ಒಂದು ನಿಮಿಷ ಬಾಯಲ್ಲಿ ಆಡಿಸಿ ಉಗಿಯುವುದು, ದಿನಕ್ಕೆ ಎರಡು ಸಲ. 0.12% ಎಂದಿದ್ದರೆ 15 ಮಿ.ಲೀ., ಅರ್ಧ ನಿಮಿಷ. ಹೆಚ್ಚು ದಿನ ಬಳಸಿದರೆ ಕಾಫಿ, ಟೀ, ಕೆಂಪು ವೈನಿನ ಬಣ್ಣವನ್ನು ಹಲ್ಲಿಗೂ ನಾಲಿಗೆಗೂ ಹಿಡಿಸುತ್ತದೆ, ರುಚಿ ಕೆಡಿಸುತ್ತದೆ, ಕಿಟ್ಟ ಕಟ್ಟುವುದನ್ನೂ ಹೆಚ್ಚಿಸುತ್ತದೆ. ನಿಲ್ಲಿಸಿದರೆ ರುಚಿ ಮರಳಿ ಬರುತ್ತದೆ. ಕಲೆ ಹಲ್ಲಿನ ಮೇಲ್ಮೈಯದು ಮಾತ್ರ, ಕ್ಲೀನಿಂಗ್ ಮಾಡಿ ಪಾಲಿಶ್ ಮಾಡಿದರೆ ಹೋಗುತ್ತದೆ.

ಮುಂದೆ ಎಂದಾದರೂ ಡಾಕ್ಟರು ಬರೆದುಕೊಟ್ಟರೆ, ಪೇಸ್ಟ್ ಹಾಕಿ ಉಜ್ಜಿದ ತಕ್ಷಣ ಇದನ್ನು ಬಳಸಬೇಡಿ. ಪೇಸ್ಟಿನ ನೊರೆ ಬರಿಸುವ ಪದಾರ್ಥ ಇದರ ಶಕ್ತಿ ಕುಗ್ಗಿಸುತ್ತದೆ, ಅರ್ಧ ಗಂಟೆ ಬಿಡಿ. ಮುಕ್ಕಳಿಸಿದ ಮೇಲೆ ಇನ್ನರ್ಧ ಗಂಟೆ ಕಾಫಿಗೂ ರಜೆ. ಅದೇ ಅಂಗಡಿಯಲ್ಲಿ 'ಗಮ್ ಪೇಂಟ್' ಎಂದು ಕೊಡುವ ಒಗರು ದ್ರವವೂ ಸಿಗುತ್ತದೆ. ವಸಡಿನ ಮೇಲ್ಪದರ ಬಿಗಿದ ಹಾಗಾಗಿ ಹಿತವೆನಿಸುತ್ತದೆ, ಪಾಚಿ ಇದ್ದಲ್ಲೇ ಇರುತ್ತದೆ. ರಕ್ತ ಬರುತ್ತದೆ ಎಂದು ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾತ್ರೆ ಕೇಳಿ ತರುವುದಂತೂ ದುಡ್ಡಿಗೂ ದೇಹಕ್ಕೂ ನಷ್ಟ.

ಪ್ರಶ್ನೆ: ನಮ್ಮ ಅತ್ತೆ ಉಪ್ಪು-ಅರಿಶಿನ, ಲವಂಗದೆಣ್ಣೆ, ಬೇವಿನಕಡ್ಡಿ, ಕೊಬ್ಬರಿ ಎಣ್ಣೆ ಹೀಗೆ ದಿನಕ್ಕೊಂದು ಹೇಳುತ್ತಾರೆ. ಯಾವುದು ಮಾಡಬಹುದು, ಯಾವುದು ಬೇಡ? — ಜಯನಗರ

ಉತ್ತರ: ಉಪ್ಪುನೀರು ಮಾಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ಅರ್ಧ ನಿಮಿಷ ಆಡಿಸಿ ಉಗಿಯುವುದು, ದಿನಕ್ಕೆ ಎರಡು ಮೂರು ಸಲ. ಊತದ ಹಿಂಸೆ ಕಡಿಮೆಯಾಗುತ್ತದೆ. ಬಿ.ಪಿ. ಇರುವವರು ನುಂಗದಿದ್ದರಾಯಿತು. ಅದೇ ಉಪ್ಪನ್ನು ಹರಳಾಗಿ ಬೆರಳಲ್ಲಿ ವಸಡಿಗೆ ತಿಕ್ಕುವುದು ಬೇಡ, ಗೀರುತ್ತದೆ. ಅರಿಶಿನ ಹಚ್ಚಿದರೆ ತೊಂದರೆಯಿಲ್ಲ, ಆದರೆ ಉಜ್ಜದ ಹಲ್ಲಿಗೆ ಅರಿಶಿನ ಹಚ್ಚುವುದು ಗುಡಿಸದ ಅಂಗಳಕ್ಕೆ ರಂಗೋಲಿ ಹಾಕಿದಂತೆ.

ಲವಂಗದೆಣ್ಣೆ ಹುಳುಕು ಹಲ್ಲಿನ ನೋವಿಗೆ ಹೇಳಿದ್ದು, ವಸಡಿಗಲ್ಲ. ಹಸಿಯಾಗಿ ವಸಡಿಗೆ ತಾಗಿದರೆ ಸುಟ್ಟು ಬಿಳಿ ಪದರ ಏಳುತ್ತದೆ. ನೋವಿನ ಆ್ಯಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಳ್ಳುವ ಪದ್ಧತಿಯದ್ದೂ ಇದೇ ಕಥೆ.

ಬೇವಿನಕಡ್ಡಿಯ ತುದಿಯನ್ನು ಚೆನ್ನಾಗಿ ಜಗಿದು ಕುಂಚ ಮಾಡಿ ಮೆಲ್ಲಗೆ ಬಳಸಿದರೆ ಹೊರಮೈ ಸ್ವಚ್ಛವಾಗುತ್ತದೆ. ಒಳಮೈಗೆ, ಸಂದಿಗೆ ಕಡ್ಡಿ ತಲುಪದು, ಫ್ಲೋರೈಡ್ ಅಂತೂ ಅದರಲ್ಲಿಲ್ಲ. ಬೆಳಿಗ್ಗೆ ಕಡ್ಡಿ, ರಾತ್ರಿ ಬ್ರಷ್ ಎಂದು ಅತ್ತೆಯವರ ಜೊತೆ ರಾಜಿ ಮಾಡಿಕೊಳ್ಳಬಹುದು. ಎಣ್ಣೆ ಮುಕ್ಕಳಿಸುವವರು ಒಂದು ದೊಡ್ಡ ಚಮಚದಷ್ಟು ಎಣ್ಣೆ ಬಾಯಲ್ಲಿ ಆಡಿಸಿ ಡಸ್ಟ್‌ಬಿನ್ನಿಗೆ ಉಗಿಯಿರಿ, ಸಿಂಕಿಗೆ ಉಗಿದರೆ ಪೈಪ್ ಕಟ್ಟುತ್ತದೆ. ಅದು ಬ್ರಷ್‌ನ ಜೊತೆಗೆ, ಬ್ರಷ್‌ನ ಬದಲಿಗಲ್ಲ. ಕೆಂಪು ಹಲ್ಲುಪುಡಿ, ಇದ್ದಿಲು, ಬೂದಿ, ಇಟ್ಟಿಗೆಪುಡಿ ಇವು ಉಜ್ಜುಕಾಗದದ ಕೆಲಸ ಮಾಡುತ್ತವೆ, ಹಲ್ಲಿನ ಬುಡ ಸವೆದು ಕಚ್ಚು ಬೀಳುತ್ತದೆ.

ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಿ, ಒಳ್ಳೆಯದೇ. ವಿಟಮಿನ್ ಸಿ ತೀರ ಕಡಿಮೆಯಾದರೆ ವಸಡಿನಲ್ಲಿ ರಕ್ತ ಬರುತ್ತದೆ ಎಂಬುದು ನಿಜ. ಆದರೆ ಹಣ್ಣು-ತರಕಾರಿ ತಿನ್ನುವ ಮನೆಯಲ್ಲಿ ಅದು ಅಪರೂಪ. ಮಾತ್ರೆ ನುಂಗಿದರೆ ಪಾಚಿ ಹೋಗುವುದಿಲ್ಲ.

ಪ್ರಶ್ನೆ: ನನಗೆ 56, ಹತ್ತು ವರ್ಷದಿಂದ ಶುಗರ್ ಇದೆ. ಮುಂದಿನ ಎರಡು ಹಲ್ಲು ಅಲ್ಲಾಡುತ್ತಿವೆ, ವಸಡು ಒತ್ತಿದರೆ ಕೀವು. ಬಾಯಿ ವಾಸನೆ ಎಂದು ಮನೆಯವರು ಹೇಳುತ್ತಾರೆ. ಹೇಗೆ ಉಜ್ಜಿದರೆ ಸರಿಹೋಗುತ್ತದೆ? — ರಾಜಾಜಿನಗರ

ಉತ್ತರ: ಉಜ್ಜುವುದರಿಂದ ಸರಿಹೋಗುವ ಹಂತ ದಾಟಿದೆ. ಹಲ್ಲಿಗೂ ವಸಡಿಗೂ ನಡುವೆ ಸ್ವಾಭಾವಿಕವಾಗಿಯೇ ಒಂದು ಕಿರಿದಾದ ಸಂದು ಇರುತ್ತದೆ, ಅಂಗಿಯ ಜೇಬಿನ ಹಾಗೆ. 3 ಮಿ.ಮೀ.ವರೆಗೆ ಆಳವಿದ್ದರೆ ಆರೋಗ್ಯ. 4 ದಾಟಿದರೆ ಕಾಯಿಲೆ ಒಳಗಿಳಿದಿದೆ ಎಂದು ಲೆಕ್ಕ, 6 ಆದರೆ ಆಳವಾದ ಜೇಬು. ಎಷ್ಟು ಚೆನ್ನಾಗಿ ಹಿಡಿದರೂ ಬ್ರಷ್‌ನ ಕೂದಲು ವಸಡಿನಡಿಗೆ ಸುಮಾರು 1 ಮಿ.ಮೀ. ಇಳಿಯುತ್ತದೆ. ಅದರಾಚೆ ಕೂತಿರುವುದನ್ನು ನೀವು ಮುಟ್ಟಲಾರಿರಿ. ಅಲ್ಲಾಟ ಮತ್ತು ಕೀವು ಎರಡೂ ಇವೆ ಎಂದರೆ ಮೂಳೆ ಸ್ವಲ್ಪ ಹೋಗಿರುತ್ತದೆ, ಹೋದ ಮೂಳೆ ಮನೆಮದ್ದಿಗೆ ಬೆಳೆಯದು.

ಶುಗರ್ ಮತ್ತು ವಸಡು ಒಂದಕ್ಕೊಂದು ಕೈಹಿಡಿದು ನಡೆಯುತ್ತವೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಸೋಂಕಿಗೆ ಬೇಗ ಬಲಿಯಾಗುತ್ತದೆ, ವಸಡಿನ ಉರಿಯೂತ ಇದ್ದರೆ ಸಕ್ಕರೆ ಇಳಿಯಲು ಕಷ್ಟ. ವಸಡಿಗೆ ಚಿಕಿತ್ಸೆ ಮಾಡಿಸಿದವರಲ್ಲಿ ಮೂರ್ನಾಲ್ಕು ತಿಂಗಳಲ್ಲಿ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ಎಚ್‌ಬಿಎ1ಸಿ ಸರಾಸರಿ ಶೇಕಡಾ 0.4 ಅಂಶದಷ್ಟು ಇಳಿದದ್ದುಂಟು. ಮಾತ್ರೆ ಹೆಚ್ಚಿಸದೆ ಬರುವ ಈ ಇಳಿಕೆ ಸಣ್ಣದೇನಲ್ಲ.

ವಸಡಿನ ತಜ್ಞರು ಕಡ್ಡಿಯಂಥ ಅಳತೆಗೋಲಿನಿಂದ ಒಂದೊಂದು ಹಲ್ಲಿಗೂ ಆರು ಕಡೆ ಜೇಬಿನ ಆಳ ನೋಡಿ, ಎಕ್ಸ್‌ರೇ ತೆಗೆಸುತ್ತಾರೆ. ಆಮೇಲೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಬೇರಿನ ಮೇಲಿನ ಕಿಟ್ಟವನ್ನು ಎರಡರಿಂದ ನಾಲ್ಕು ಭೇಟಿಗಳಲ್ಲಿ ಕೆರೆದು ತೆಗೆಯುತ್ತಾರೆ. ಹೋಗುವ ದಿನ ಉಪವಾಸ ಬೇಡ. ತಿಂಡಿ ತಿಂದು, ಮಾತ್ರೆ ಅಥವಾ ಇನ್ಸುಲಿನ್ ಎಂದಿನಂತೆ ತೆಗೆದುಕೊಂಡು, ಬೆಳಗಿನ ಹೊತ್ತಿಗೆ ಸಮಯ ಕೇಳಿ. ಇತ್ತೀಚಿನ ಎಚ್‌ಬಿಎ1ಸಿ ರಿಪೋರ್ಟ್ ಕೈಯಲ್ಲಿರಲಿ. ಮುಗಿದ ಮೇಲೆ ಮೂರು ತಿಂಗಳಿಗೊಮ್ಮೆ ತೋರಿಸಬೇಕಾಗುತ್ತದೆ, ಇದು ಗಾಡಿ ಸರ್ವಿಸ್ ಇದ್ದ ಹಾಗೆ.

ವಸಡು ಇಳಿದು ಸಂದಿ ದೊಡ್ಡದಾದವರಿಗೆ ಫ್ಲಾಸ್‌ಗಿಂತ ಸಂದಿ ಬ್ರಷ್ ಮೇಲು. ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುತ್ತದೆ. ಅಳತೆ ಹಲವಿವೆ. ಒತ್ತಾಯವಿಲ್ಲದೆ ಹೋಗುವುದರಲ್ಲಿ ಎಲ್ಲಕ್ಕಿಂತ ದಪ್ಪದ್ದು ನಿಮ್ಮದು. ತಂತಿ ಹಲ್ಲಿಗೆ ಕೆರೆದರೆ ದೊಡ್ಡದಾಯಿತು, ಕೂದಲು ಎರಡೂ ಗೋಡೆಗೆ ತಾಗದಿದ್ದರೆ ಚಿಕ್ಕದಾಯಿತು. ಒಂದೇ ಬಾಯಲ್ಲಿ ಎರಡು ಅಳತೆ ಬೇಕಾಗುವುದು ಮಾಮೂಲು. ಪೇಸ್ಟ್ ಇಲ್ಲದೆ ಎರಡು ಮೂರು ಸಲ ಒಳಗೆ ಹೊರಗೆ ಆಡಿಸಿ ತೊಳೆದಿಡಿ, ತಂತಿ ಬಾಗಿದರೆ ಎಸೆಯಿರಿ. ಹೇರ್‌ಪಿನ್, ಬೆಂಕಿಕಡ್ಡಿ, ಕಿವಿಯ ಕಡ್ಡಿಗಳಿಗೆ ಈ ಕೆಲಸ ಕೊಡಬೇಡಿ.

ಕೀವಿನ ಗುಳ್ಳೆಯನ್ನು ಪಿನ್ನಿನಿಂದ ಚುಚ್ಚಬೇಡಿ, ಹೊರಗಿನಿಂದ ಬಿಸಿ ಶಾಖ ಕೊಡಬೇಡಿ. ಕೆನ್ನೆ ಅಥವಾ ಗದ್ದದಡಿ ಊದಿ, ಜ್ವರ ಬಂದು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೀಗ ಐದು ತಿಂಗಳು. ಮೊದಲೆಂದೂ ಇಲ್ಲದ ರಕ್ತ ಈಗ ಬರುತ್ತಿದೆ. ಹೆರಿಗೆ ಆಗುವವರೆಗೆ ಹಲ್ಲಿನ ಡಾಕ್ಟರ ಬಳಿ ಹೋಗಬಾರದು ಎನ್ನುತ್ತಾರೆ ಅಮ್ಮ. — ಯಲಹಂಕ

ಉತ್ತರ: ಹೋಗಬಹುದು, ನಾಲ್ಕರಿಂದ ಆರನೇ ತಿಂಗಳು ಕ್ಲೀನಿಂಗ್‌ಗೆ ಅನುಕೂಲವಾದ ಕಾಲ. ಹಾರ್ಮೋನು ಏರಿದಾಗ ವಸಡು ಸ್ವಲ್ಪ ಪಾಚಿಗೂ ಹೆಚ್ಚು ಕೆರಳುತ್ತದೆ. ಕೆಲವರಿಗೆ ಎರಡು ಹಲ್ಲಿನ ನಡುವೆ ಕೆಂಪು ಗಂಟೊಂದು ಏಳುವುದುಂಟು, ಅದು ಕ್ಯಾನ್ಸರ್ ಅಲ್ಲ, ಹೆರಿಗೆಯ ನಂತರ ಸಾಮಾನ್ಯವಾಗಿ ಕುಗ್ಗುತ್ತದೆ, ಆದರೂ ತೋರಿಸಿ. ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ, ಆಮ್ಲದಿಂದ ಮೆತ್ತಗಾದ ಎನಾಮಲ್ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಕಲಸಿ ಮುಕ್ಕಳಿಸಿ, ಅರ್ಧ ಗಂಟೆಯ ಮೇಲೆ ಬ್ರಷ್.

ಪ್ರಶ್ನೆ: ಬಿ.ಪಿ.ಗೆ ಅಮ್ಲೋಡಿಪಿನ್, ಹೃದಯಕ್ಕೆ ಆ್ಯಸ್ಪಿರಿನ್ 75 ತೆಗೆದುಕೊಳ್ಳುತ್ತೇನೆ. ವಸಡು ಬೆಳೆದು ಮುಂದಿನ ಹಲ್ಲುಗಳ ಅರ್ಧ ಮುಚ್ಚಿದೆ, ರಕ್ತವೂ ಬರುತ್ತದೆ. ಮಾತ್ರೆ ನಿಲ್ಲಿಸಿ ನೋಡಲೇ? — ಹೆಬ್ಬಾಳ

ಉತ್ತರ: ಎರಡನ್ನೂ ನೀವಾಗಿ ನಿಲ್ಲಿಸಬೇಡಿ. ಅಮ್ಲೋಡಿಪಿನ್, ನಿಫೆಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಿಡ್ನಿ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಇವು ಕೆಲವರಲ್ಲಿ ವಸಡನ್ನು ಬೆಳೆಸುತ್ತವೆ. ಪಾಚಿ ಇದ್ದಷ್ಟೂ ಬೆಳವಣಿಗೆ ಜಾಸ್ತಿ. ಮೊದಲು ಕ್ಲೀನಿಂಗ್ ಮಾಡಿಸಿ. ವಸಡು ಬೆಳೆದಿದೆ ಎಂದು ದಂತವೈದ್ಯರಿಂದ ಒಂದು ಚೀಟಿ ಬರೆಸಿಕೊಂಡು ಬಿ.ಪಿ. ಡಾಕ್ಟರಿಗೆ ತೋರಿಸಿ, ಬದಲಿ ಮಾತ್ರೆ ಅವರು ತೀರ್ಮಾನಿಸಲಿ. ಆ್ಯಸ್ಪಿರಿನ್ ಇದ್ದರೂ ಕ್ಲೀನಿಂಗ್ ಸಾಮಾನ್ಯವಾಗಿ ಮಾಡುತ್ತಾರೆ, ಮೊದಲೇ ತಿಳಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಇತ್ತೀಚಿನ ಐಎನ್‌ಆರ್ ರಿಪೋರ್ಟ್ ಒಯ್ಯಬೇಕು. ಮನೆಗೆ ಬಂದ ಮೇಲೆ ರಕ್ತ ಒಸರಿದರೆ ಒದ್ದೆ ಮಾಡಿದ ಶುಭ್ರ ಬಟ್ಟೆ ಒತ್ತಿ 10-15 ನಿಮಿಷ ಬಿಡದೆ ಹಿಡಿಯಿರಿ. ನಿಮಿಷಕ್ಕೊಮ್ಮೆ ತೆಗೆದು ನೋಡಿದರೆ ಹೆಪ್ಪುಗಟ್ಟುವುದಿಲ್ಲ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ಎಲೆ-ಅಡಿಕೆ ಜೊತೆ ಕಡ್ಡಿಪುಡಿ ಹಾಕುತ್ತೇನೆ. ಒಂದು ದಿನವೂ ವಸಡಿನಲ್ಲಿ ರಕ್ತ ಬಂದಿಲ್ಲ. ಹಾಗಾದರೆ ನನ್ನ ವಸಡು ಗಟ್ಟಿ ಎಂದೇ? — ನೆಲಮಂಗಲ ರಸ್ತೆ

ಉತ್ತರ: ಅಲ್ಲ. ತಂಬಾಕಿನ ನಿಕೋಟಿನ್ ವಸಡಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹಾಗಾಗಿ ಒಳಗೆ ಕಾಯಿಲೆ ಇದ್ದರೂ ರಕ್ತ ಹೊರಗೆ ಬರುವುದಿಲ್ಲ. ಎಚ್ಚರಿಕೆಯ ಗಂಟೆಯ ನಾಲಿಗೆ ಕಿತ್ತಿಟ್ಟ ಹಾಗೆ. ಬಿಟ್ಟ ಮೇಲೆ ಕೆಲವು ವಾರ ರಕ್ತ ಕಾಣಿಸಬಹುದು, ಅದನ್ನು ನೋಡಿ ಮತ್ತೆ ಶುರುಮಾಡಬೇಡಿ. ಕಡ್ಡಿಪುಡಿ ಇಡುವ ಕೆನ್ನೆಯ ಭಾಗವನ್ನು ಬೆಳಕಿನಲ್ಲಿ ಎಳೆದು ನೋಡಿಕೊಳ್ಳಿ. ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರದಲ್ಲಿ ಮಾಯದ ಹುಣ್ಣು, ಬಾಯಿಗೆ ಮೂರು ಬೆರಳು ಹೋಗದಷ್ಟು ಬಿಗಿತ ಇದ್ದರೆ ಈ ವಾರವೇ ತೋರಿಸಿ.

ಪ್ರಶ್ನೆ: ಮಗನಿಗೆ ನಾಲ್ಕು ದಿನದಿಂದ ಜ್ವರ, ಇವತ್ತು ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ರಕ್ತದ ಕಲೆ, ವಸಡಿನಿಂದ ಒಸರುತ್ತಿದೆ. ಉಪ್ಪುನೀರು ಸಾಕೇ? — ಕೆಂಗೇರಿ

ಉತ್ತರ: ಸಾಲದು. ಈ ಪತ್ರ ಬಂದ ದಿನವೇ ಫೋನಿನಲ್ಲಿ ತಿಳಿಸಿದ್ದೇವೆ, ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ. ಬ್ರಷ್ ಸೋಕದೆ ತಾನಾಗಿ ಬರುವ ರಕ್ತ, ಜೊತೆಗೆ ಜ್ವರ ಎಂದರೆ ಅದು ವಸಡಿನ ಮಾತಲ್ಲ, ರಕ್ತದ ಮಾತು. ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಮೊದಲು ನೆನಪಾಗಬೇಕಾದದ್ದು ಡೆಂಗಿ, ವಸಡಿನ ರಕ್ತ ಅದರ ಅಪಾಯದ ಸೂಚನೆಗಳಲ್ಲೊಂದು. ಜ್ವರ ಇಳಿಯುವ ದಿನಗಳಲ್ಲೇ ಇದು ಕಾಣುವುದರಿಂದ ವಾಸಿಯಾಯಿತು ಎಂದು ಮೋಸಹೋಗುತ್ತಾರೆ. ಅಂದೇ ಆಸ್ಪತ್ರೆಗೆ ಕರೆದೊಯ್ದು ಪ್ಲೇಟ್‌ಲೆಟ್ ಪರೀಕ್ಷೆ ಮಾಡಿಸಬೇಕು. ಆ್ಯಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ಜ್ವರವಿಲ್ಲದಿದ್ದರೂ ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಸೇರಿದ್ದರೆ ಹಲ್ಲಿನ ಡಾಕ್ಟರಿಗಿಂತ ಮೊದಲು ಫಿಜಿಷಿಯನ್ನರನ್ನು ಕಾಣಿ.

ಪ್ರಶ್ನೆ: ಹಾರ್ಡ್, ಮೀಡಿಯಂ, ಸಾಫ್ಟ್, ಬ್ಯಾಟರಿಯದ್ದು, ಅಂಗಡಿಯಲ್ಲಿ ಬ್ರಷ್ ನೋಡಿದರೆ ತಲೆ ತಿರುಗುತ್ತದೆ. ಯಾವುದು? — ಹನುಮಂತನಗರ

ಉತ್ತರ: ಸಾಫ್ಟ್. ಕೈನಡುಕ, ಸಂಧಿವಾತ ಇರುವವರಿಗೆ ಬ್ಯಾಟರಿಯದ್ದು ಒಳ್ಳೆಯದು, ಉಳಿದವರಿಗೆ ಕೈಬ್ರಷ್ಷೇ ಸಾಕು. ಪೇಸ್ಟ್‌ನಲ್ಲಿ ಫ್ಲೋರೈಡ್ 1000 ಪಿಪಿಎಂ ಇದೆಯೇ ಎಂದು ಟ್ಯೂಬಿನ ಹಿಂದೆ ನೋಡಿ. ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ. ಒಂದೇ ತಿಂಗಳಲ್ಲಿ ಕೂದಲು ಹೂವಿನಂತೆ ಅರಳಿದ್ದರೆ ನೀವು ತಿಕ್ಕುತ್ತಿದ್ದೀರಿ ಎಂದರ್ಥ, ಪೆನ್ನಿನ ಹಿಡಿತಕ್ಕೆ ಬನ್ನಿ. ಹಾರ್ಡ್ ಬ್ರಷ್ ಆಗಲೇ ತಂದಿದ್ದರೆ ಗ್ಯಾಸ್ ಸ್ಟವ್‌ನ ಬರ್ನರ್ ತಿಕ್ಕಲು ಇಟ್ಟುಕೊಳ್ಳಿ.